ಹಸಿರು ಜಂಪರಿನ ಹಂಗು

ದೇವರ ಮುಂದೆ ದೀಪ ಹಚ್ಚಿ ಅವತ್ತಿನ ಉಪಕಾರಗಳನ್ನು ನೆನೆಸಿಕೊಳ್ಳುವುದು ನನ್ನ ದಿನದ ರೂಢಿ. ದೊಡ್ಡದೇನನ್ನೋ ಬೇಡಿ ಹನುಮಪ್ಪನಿಗೆ ತ್ರಾಸು ಕೊಡುವವಳಲ್ಲ ನಾನು. ಹಾಲು ಒಡೆಯಲಿಲ್ಲ, ಒಂದು ಉಪಕಾರ. ಸಿಲಿಂಡರು ಖಾಲಿಯಾದದ್ದು ಬೇಳೆ ಬೆಂದ ಮೇಲೆ, ಎರಡನೆಯದು. ಅತ್ತೆಯವರ ಮೊಣಕಾಲು ನೋವು ಇನ್ನೂ ಒಂದೇ ಕಾಲಿನಲ್ಲಿದೆ, ಮೂರನೆಯದು. ಆದರೆ ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ ಮುಗಿದ ದಿನ ನೆನೆದದ್ದು ಒಂದೇ ಉಪಕಾರ. ಮತದಾನವನ್ನು ಗುಪ್ತವಾಗಿಟ್ಟ ಪುಣ್ಯಾತ್ಮರು ಯಾರೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ. ಅಲ್ಲಿ ನಾನು ಮಾಡಿದ ಕೆಲಸ ನನಗೂ ಹನುಮಪ್ಪನಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ನೀವು ನಮ್ಮ ಓಣಿಯವರಲ್ಲ ಎಂಬ ಧೈರ್ಯದಿಂದ.

ನಮ್ಮದು ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಊರು. ಓಣಿಯಲ್ಲಿ ಕುಡಿಯುವ ನೀರಿನ ಘಟಕವಿದೆ. ಉದ್ಘಾಟನೆಗೆ ಬಂದ ದೊಡ್ಡವರು ಒಂದು ಲೋಟ ನೀರು ಕುಡಿದು ಫೋಟೋ ತೆಗೆಸಿಕೊಂಡರು. ಅದಾದ ಕೆಲವೇ ದಿನಕ್ಕೆ ಕೆಟ್ಟ ಘಟಕ ಮತ್ತೆ ಬಾಯಿ ಬಿಟ್ಟಿಲ್ಲ. ನಾವು ಹೆಂಗಸರು ಬಸ್ ನಿಲ್ದಾಣದ ಘಟಕದವರೆಗೆ ಕೊಡ ಹೊತ್ತು ನಡೆಯುತ್ತೇವೆ. ಇದಕ್ಕಾಗಿ ತಾಲೂಕು ಕಚೇರಿಗೆ ಅರ್ಜಿ ಬರೆದವಳು ನಮ್ಮಲ್ಲಿ ಒಬ್ಬಳೇ. ಪಕ್ಕದ ಮನೆಯ ಹುಸೇನಬಿ. ಇಡೀ ಓಣಿಯ ಜಂಪರು, ಅಂದರೆ ಬ್ಲೌಸು, ಹೊಲಿಯುವವಳು. ಈ ಸಲ ನಮ್ಮ ವಾರ್ಡಿನ ಸೀಟು ಮಹಿಳೆಯರಿಗೆ ಎಂದಾಗ ಅವಳ ಬಾಗಿಲಿಗೆ ಹೋದವಳು ನಾನೇ.

"ಹುಸೇನಬಿ, ಈ ಸಲ ನೀನ ನಿಂದ್ರು" ಎಂದೆ.

"ನಿಂದರ್ತೀನ್ರಿ ಅಕ್ಕಾರ. ಆದ್ರ ಸೂಚಕರು ಬೇಕಂತ. ನನ್ನ ಅರ್ಜಿಗೆ ಯಾರ್ರಿ ಸೈ ಹಾಕವರು?"

"ನಾ ಹಾಕ್ತೀನಿ ತಗೋ. ನಾ ಏನ್ ಸತ್ತೀನೇನು?"

ಹೀಗೆ ನಾನು ಅಭ್ಯರ್ಥಿಯ ಸೂಚಕಳಾದೆ. ಮದುವೆ ಪತ್ರಿಕೆ ಬಿಟ್ಟರೆ ನನ್ನ ಪೂರ್ತಿ ಹೆಸರು ಅಚ್ಚುಕಟ್ಟಾಗಿ ಬಂದ ಮೊದಲ ಕಾಗದ ಅದು. ಮನೆಯವರು ಊಟ ಮಾಡುತ್ತ, "ಸೈ ಹಾಕೋದು ಬ್ಯಾರೆ, ವೋಟ್ ಹಾಕೋದು ಬ್ಯಾರೆ" ಎಂದಷ್ಟೇ ಹೇಳಿದರು. ಸಿಟ್ಟಿಗೆ ಎರಡನೆಯ ರೊಟ್ಟಿ ಕೇಳದೆಯೇ ಬುಟ್ಟಿ ಎತ್ತಿಟ್ಟೆ. ಅತ್ತೆ ಮಾತ್ರ ಮೊಣಕಾಲು ಉಜ್ಜಿಕೊಳ್ಳುತ್ತ, "ಯಾಕವಾ, ನಮ್ಮವರು ಯಾರೂ ಇಲ್ಲೇನು?" ಎಂದರು.

ನಮ್ಮವರೂ ಇದ್ದರು. ಹಿಂದಿನ ಸಲ ಮೆಂಬರಾಗಿದ್ದ ಬಸಣ್ಣ, ಸೀಟು ಹೆಂಗಸರ ಪಾಲಾಯಿತೆಂದು ಹೆಂಡತಿ ನೀಲಮ್ಮನನ್ನು ನಿಲ್ಲಿಸಿದ. ಬ್ಯಾನರಿನಲ್ಲಿ ಬಸಣ್ಣ ಮೀಸೆ ಸಮೇತ ಕೈ ಮುಗಿದು ನಿಂತಿದ್ದ. ನೀಲಮ್ಮ ಮೂಲೆಯಲ್ಲಿ, ಪಾಸ್‌ಪೋರ್ಟ್ ಫೋಟೋದಷ್ಟು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಅವರು ಓಣಿಯ ಮುತ್ತೈದೆಯರನ್ನೆಲ್ಲ ಹನುಮಪ್ಪನ ಗುಡಿಗೆ ಕರೆದು ಉಡಿ ತುಂಬಿದರು. ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಉತ್ತುತ್ತಿ, ಒಂದು ಕಾಯಿ, ಒಂದು ಹಸಿರು ಜಂಪರ್ ಪೀಸು. ದೇವರ ಮುಂದೆ ಉಡಿ ಒಡ್ಡು ಎಂದರೆ ಒಲ್ಲೆ ಎನ್ನುವ ಎದೆ ನನಗಿಲ್ಲ. ಸೆರಗು ಒಡ್ಡಿದೆ. ಹಿಂದಿನಿಂದ ಬಸಣ್ಣ, "ಉಡಿ ತುಂಬೀವ್ರಿ ತಾಯಂದ್ರ. ಹನುಮಪ್ಪ ನೋಡಾಕತ್ಯಾನ" ಎಂದ.

ಮತಗಟ್ಟೆಯಲ್ಲಿ ಕೈಗೆ ಚೀಟಿ ಬಂತು. ಒಂದು ಕಡೆ ಹುಸೇನಬಿಯ ಗುರುತು, ಹೊಲಿಗೆ ಯಂತ್ರ. ಇನ್ನೊಂದು ಕಡೆ ನೀಲಮ್ಮನ ತೆಂಗಿನಕಾಯಿ. ಉಡಿ ನೆನಪಾಯಿತು, ಹನುಮಪ್ಪ ನೆನಪಾದ. ಕಾಯಿಯ ಮೇಲೆ ಮುದ್ರೆ ಒತ್ತಿ ಹೊರಗೆ ಬಂದೆ. ದೇವರಿಗೆ ಅಂಜಿ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದೀಪದ ಮುಂದೆ ಸುಳ್ಳು ಹೇಳಲು ಬರುವುದಿಲ್ಲ ನೋಡಿ. ಪರದೆಯ ಹಿಂದೆ ನನ್ನ ಕಿವಿಯಲ್ಲಿ ಕೇಳಿದ್ದು ಹನುಮಪ್ಪನ ದನಿಯಲ್ಲ, ಅತ್ತೆಯದು. "ನಮ್ಮವರು ಯಾರೂ ಇಲ್ಲೇನು?" ಹದಿನೆಂಟು ವರ್ಷ ಗೋಡೆಯಾಚೆಯಿಂದ ಸಾರು, ರಂಜಾನಿನ ಸುರಕುಂಬಾ ಪಾಯಸ, ಮಜ್ಜಿಗೆ ದಾಟಿಸಿದ ಹುಸೇನಬಿ ಆ ಒಂದು ಗಳಿಗೆಗೆ ನಮ್ಮವಳಲ್ಲದೆ ಹೋದಳು. ಉಡಿ ಬರೀ ನೆಪ.

ಹುಸೇನಬಿ ಎರಡು ವೋಟಿನಿಂದ ಸೋತಳು. ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹಿಂದೆ, ಆದರೂ ಇದನ್ನು ಬೆರಳಿನಲ್ಲಿ ಎಣಿಸಿದೆ. ನನ್ನೊಂದು ವೋಟು ಅತ್ತಿಂದ ಇತ್ತ ಬಂದಿದ್ದರೆ ಇಬ್ಬರೂ ಸಮ. ಸಮವಾದರೆ ಚೀಟಿ ಎತ್ತುತ್ತಾರಂತೆ. ಚೀಟಿ ಎಂದರೆ ದೇವರ ಕೈ. ಹನುಮಪ್ಪ ಮಾಡಬೇಕಾದ ತೀರ್ಮಾನವನ್ನು ಹನುಮಪ್ಪನ ಹೆಸರು ಹೇಳಿ ಅವನ ಕೈಯಿಂದಲೇ ಕಿತ್ತುಕೊಂಡ ಭಕ್ತೆ ನಾನು. ಗೆದ್ದ ಹಾರವೂ ಬಸಣ್ಣನ ಕೊರಳಿಗೇ ಬಿತ್ತು. ಅವತ್ತು ನೀಲಮ್ಮ ಬಂದವರಿಗೆ ಚಹಾ ಮಾಡುತ್ತಿದ್ದಳು.

ಹಸಿರು ಪೀಸನ್ನು ಬಹಳ ದಿನ ಪೆಟ್ಟಿಗೆಯ ತಳದಲ್ಲಿ ಮುಚ್ಚಿಟ್ಟಿದ್ದೆ. ಅತ್ತೆಯವರು ಬಿಡಲಿಲ್ಲ. "ಉಡಿ ಪೀಸು ಹಂಗ ಇಡಬಾರದು, ಹೊಲಿಸ್ಕೋ" ಎಂದರು. ಓಣಿಯಲ್ಲಿ ಹೊಲಿಯುವವಳು ಒಬ್ಬಳೇ. ಹೋದೆ. ಹುಸೇನಬಿಯ ಮಷಿನ್ ಪಕ್ಕದಲ್ಲಿ ಅದೇ ಹಸಿರು ಪೀಸುಗಳು ರೊಟ್ಟಿ ಒಟ್ಟಿದಂತೆ ಒಟ್ಟಿದ್ದವು.

"ಬರ್ರಿ ಅಕ್ಕಾರ. ನಿಮ್ಮದೂ ಹಸಿರ? ಸಾಲಿ ಹುಡುಗ್ಯಾರ ಯೂನಿಫಾರಂ ಹೊಲದಂಗ ಆಗೇತ್ರಿ ನನಗ" ಎಂದು ನಕ್ಕಳು. ದಾರ ಹಲ್ಲಿನಿಂದ ಕಡಿದು, "ಪೀಸು ಕೊಡಾಕ ಬಂದಾಕಿ ಒಬ್ಬೊಬ್ಬಾಕೀನೂ 'ನಾ ನಿನಗ ಹಾಕೀನಿ ಹುಸೇನಬಿ, ಹನುಮಪ್ಪನ ಆಣಿ' ಅಂತಾಳ. ಆ ಲೆಕ್ಕದಾಗ ನಾ ಇಷ್ಟೊತ್ತಿಗೆ ಅಧ್ಯಕ್ಷಿ ಆಗಿರಬೇಕಿತ್ತು ನೋಡ್ರಿ" ಎಂದಳು.

ನಾನು ಗೋಡೆಯ ಗಡಿಯಾರ ನೋಡಿದೆ.

"ನೀವ್ ಒಬ್ಬಾಕಿನ ಹೇಳಲಿಲ್ಲ. ನೀವೇನ್ ಹೇಳೋದೈತ್ರಿ? ಸೈ ಹಾಕಿದಾಕಿ."

ಏನಾದರೂ ಹೇಳಲೇಬೇಕಿತ್ತು. "ಕೊರಳ ಹತ್ರ ಸ್ವಲ್ಪ ಸಡ್ಲ ಇಡು" ಎಂದೆ. ಹೊಲಿಗೆಯ ಕೂಲಿಯನ್ನೂ ಅವಳು ಮುಟ್ಟಲಿಲ್ಲ. ಸೂಚಕರ ಕಡೆಯಿಂದ ತೆಗೆದುಕೊಳ್ಳುವುದಿಲ್ಲವಂತೆ. ಜಂಪರು ಅಚ್ಚು ಹೊಯ್ದಂತೆ ಕೂತಿದೆ. ಎಲ್ಲಿಯೂ ಒಂದು ಎಳೆ ಚುಚ್ಚುವುದಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು.

ಮೊನ್ನೆ ಬೆಳಿಗ್ಗೆ ಬಸ್ ನಿಲ್ದಾಣದ ಘಟಕದ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಅರ್ಧ ಸಾಲು ಹಸಿರು ಜಂಪರು. ನನ್ನ ಹಿಂದೆ ಹುಸೇನಬಿ, ಅವಳ ಹಿಂದೆ ಕೊಡ ಹಿಡಿದು ಮೆಂಬರ್ ನೀಲಮ್ಮ. ಗೆದ್ದವರ ಮನೆಗೂ ನೀರು ಇಲ್ಲಿಂದಲೇ ಹೋಗಬೇಕಲ್ಲ. ಸ್ವಲ್ಪ ಹೊತ್ತು ಬಿಟ್ಟು ನೀಲಮ್ಮ ಸಣ್ಣ ದನಿಯಲ್ಲಿ, "ಹುಸೇನಬಿ, ನಮ್ಮ ಓಣಿ ಘಟಕದ್ದು ಅರ್ಜಿ ಹ್ಯಾಂಗ ಬರೀತಾರಬೇ? ನಮ್ಮ ಮನಿಯವ್ರನ್ನ ಕೇಳಿದ್ರ ನಾಳೆ ಅಂತಾರ" ಎಂದಳು.

"ಬರದ್ ಕೊಡ್ತೀನ್ರಿ. ಆದ್ರ ಮೆಂಬರ್ ಅಂತ ಸೈ ನೀವ ಹಾಕಬೇಕು, ನಿಮ್ಮ ಮನಿಯವರಲ್ಲ" ಎಂದಳು ಹುಸೇನಬಿ. ಮಧ್ಯಾಹ್ನವೇ ಅರ್ಜಿ ಸಿದ್ಧವಾಯಿತು. ನೀಲಮ್ಮ ನಾಲಗೆ ಕಚ್ಚಿ ಹಿಡಿದು ಒಂದೊಂದೇ ಅಕ್ಷರ ಬರೆದಳು. ಕೆಳಗೆ ಓಣಿಯ ಹೆಂಗಸರ ಸಹಿ ಬೇಕಿತ್ತು. "ಮೊದಲ್ನೇದು ಅಕ್ಕಾರದು" ಎಂದು ಹುಸೇನಬಿ ಪೆನ್ನು ನನ್ನ ಕೈಗೇ ಕೊಟ್ಟಳು. ದಪ್ಪ ಅಕ್ಷರದಲ್ಲಿ, ಪೂರ್ತಿ ಹೆಸರು ಬರೆದೆ.

ಅವತ್ತು ದೀಪ ಹಚ್ಚಿ ನೆನೆದ ಉಪಕಾರವೂ ಒಂದೇ. ಅರ್ಜಿಗೆ ಪರದೆ ಇರುವುದಿಲ್ಲ. ನಾಲ್ಕು ಮಂದಿ ನೋಡುತ್ತ ನಿಂತರೆ ಸಾಕು, ನಾನು ಭಾಳ ಛಲೋ ಹೆಂಗಸು.