ಎ ಹಾಕಲೋ, ಆ್ಯನ್ ಹಾಕಲೋ

ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ತೊಂಬತ್ತರ ದಶಕದಲ್ಲಿ ಶಿಕಾರಿಪುರ, ಸೊರಬಗಳಲ್ಲಿ ನನಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಎ, ಆ್ಯನ್ ಎಂಬ ಎರಡು ಪುಟ್ಟ ಪದಗಳಿಂದಲೇ ಬಂದವು. ಈಗ ನೆನೆಸಿಕೊಂಡರೆ ಆ ಮಕ್ಕಳ ದನಿಯೇ ಮೊದಲು ಕೇಳಿಸುತ್ತದೆ.

ಯೆಗ್ಗು

ಶಿಕಾರಿಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತು. "ಅಕ್ಷರ ನೋಡಬೇಡಿ, ಬಾಯಲ್ಲಿ ಹೇಳಿ ನೋಡಿ. ಸ್ವರ ಬಂದರೆ ಆ್ಯನ್, ವ್ಯಂಜನ ಬಂದರೆ ಎ" ಎಂದು ಕಲಿಸಿದೆ. ಮರುದಿನ ಅರ್ಧ ಕ್ಲಾಸು ಎಗ್‌ಗೆ ಎ ಹಾಕಿಕೊಂಡು ಬಂದಿತ್ತು. ಯಾಕೆಂದು ಕೇಳಿದರೆ ಒಬ್ಬ ಎದ್ದು, "ಯೆಗ್ಗು ಅಂತೀವಲ್ರೀ ಮೇಡಂ, ಯಕಾರ ಬರ್ತದ" ಎಂದ.

ಅವರ ಬಾಯಲ್ಲಿ ಮೊಟ್ಟೆ ಯಕಾರದಿಂದಲೇ ಹುಟ್ಟುತ್ತಿತ್ತು. ಏನು ಮಾಡುವುದೆಂದು ನಾನು ಯೋಚಿಸುವಷ್ಟರಲ್ಲಿ ಅವನ ಅಪ್ಪ, ಪೇಟೆಯ ಕಿರಾಣಿ ವ್ಯಾಪಾರಿ, ಸ್ಕೂಲಿಗೇ ಬಂದರು.

"ಇಂಗ್ಲೀಷು ಬಾಯಿಗೆ ಬಂದಂಗ ಬರೀರಿ ಅಂತ ಹೇಳೀರಂತಲ್ರೀ ಮೇಡಂ. ಅದನ್ನ ಅವ ಮೊದ್ಲಿಂದಾನೂ ಮಾಡ್ತಾನ್ರೀ. ಅದಕ್ಕ ನಿಮ್ಮ ಹತ್ರ ಕಳ್ಸಿದ್ದು."

ಸ್ವರ

'ನಾನು ಎಮ್ಮೆಲ್ಲೆ ಆದರೆ' ಎಂಬ ಭಾಷಣ ಸ್ಪರ್ಧೆಗೆ ಹೆಡ್ಮಾಸ್ತರೇ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಎಮ್ಮೆಲ್ಲೆಗೆ ಎ ಹಾಕಿದ್ದರು. "ಆ್ಯನ್ ಬರಬೇಕು ಸರ್. ಎಮ್ಮೆಲ್ಲೆ ಶುರುವಾಗೋದೇ ಸ್ವರದಿಂದ" ಎಂದೆ ಅಂಜುತ್ತಾ.

ಅವರು ಕನ್ನಡಕ ಹಾಕಿಕೊಂಡು ಎ ಹೊಡೆದುಹಾಕಿ ಆ್ಯನ್ ಬರೆದರು. "ಶುರುವಾಗೋದು ಮಾತ್ರ ಅಲ್ಲ ಮೇಡಂ, ಮೈಕು ಕಿತ್ಕೊಳ್ಳೋವರೆಗೂ ಅವರ ಸ್ವರ ನಿಲ್ಲೋದೂ ಇಲ್ಲ."

ಆರ್ಸು

ಆಮೇಲೆ ಸೊರಬಕ್ಕೆ ವರ್ಗವಾಯಿತು. ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಬಹಳ ಮಕ್ಕಳು ಫೇಲಾಗಿದ್ದರಿಂದ, ಇನ್ಸ್‌ಪೆಕ್ಟರು ಬರುತ್ತಾರೆಂದಾಗ ನಾನು ವಾರವಿಡೀ ಮಕ್ಕಳಿಗೆ ಎ, ಆ್ಯನ್ ಉರುಹೊಡೆಸಿದೆ. ಒಳ್ಳೆಯ ಮನುಷ್ಯ, ಆದರೆ ನಾಲಿಗೆಗೆ ಹಕಾರ ಹತ್ತದು. ಹಾಲು ಆಲು, ಹಣ್ಣು ಅಣ್ಣು.

ಆನವಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳನ್ನು ಎಬ್ಬಿಸಿದರು. "ಆರ್ಸ್‌ಗೆ ಏನಮ್ಮಾ ಆಕ್ತೀಯ?"

"ಆ್ಯನ್ ಸಾರ್."

"ತಪ್ಪು. ಕುದುರೆ, ಆರ್ಸು. ಸರಿಯಾಗಿ ಕೇಳಿಸ್ಕೋ."

ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. "ಆ್ಯನ್ನೇ ಸಾರ್."

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಅಲ್ಲಮ್ಮಾ, ಅದರಲ್ಲಿ ಎಚ್ ಇಲ್ವಾ?"

"ಬರೆಯೋವಾಗ ಇದೆ ಸಾರ್. ನೀವು ಹೇಳ್ಲಿಲ್ಲ."

ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತು, ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು. ನನಗೆ ಹೋದ ಜೀವ ಬಂತು.

"ಪರವಾಗಿಲ್ಲ ಮೇಡಂ," ಎಂದರು ಕಣ್ಣೊರೆಸಿಕೊಂಡು, "ನಿಮ್ಮ ಉಡುಗಿ ಬಾಳ ಉಷಾರು."

ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಉಡುಗಿ, ಉಷಾರು, ಎರಡಕ್ಕೂ ಆ್ಯನ್" ಎಂದರು.