ವಾದಿ ಕಬೀರಿನಲ್ಲೊಂದು ಇಂಗ್ಲಿಷ್ ಹಳ್ಳಿ

ನಮ್ಮ ಭಾವನವರು ಇಂಗ್ಲೆಂಡಿನ ನೆಲದ ಮೇಲೆ ಒಂದು ದಿನವೂ ಕಾಲಿಟ್ಟವರಲ್ಲ. ಆದರೆ ಅಲ್ಲಿಯ ಒಂದು ಪುಟ್ಟ ಹಳ್ಳಿಯಲ್ಲಿ ಯಾರ ಬೆಕ್ಕು ಕಾಣೆಯಾಗಿದೆ, ಯಾರ ಬೇಲಿ ಯಾರ ಜಾಗಕ್ಕೆ ಬಾಗಿದೆ, ಚರ್ಚಿನಲ್ಲಿ ಹೂವಿಡುವ ಸರದಿ ಈ ತಿಂಗಳು ಯಾರದು ಎಂದು ಕೇಳಿ ನೋಡಿ! ಮಸ್ಕತ್ತಿನಲ್ಲಿ ಕುಳಿತೇ ಪಟಪಟನೆ ಉತ್ತರ ಕೊಡುತ್ತಿದ್ದರು. ತಾವು ಎಂಟು ವರ್ಷ ಬಾಡಿಗೆಗಿದ್ದ ಕಟ್ಟಡದಲ್ಲಿ ಎದುರು ಮನೆಯವರ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ.

"ಅದೆಲ್ಲ ಸುದ್ದಿ ಅಲ್ಲ ಮಾರಾಯ," ಎನ್ನುತ್ತಿದ್ದರು ನನ್ನೊಡನೆ. "ಪ್ರಿಂಟ್ ಆಗಿ ಬಂದ್ರೆ ಮಾತ್ರ ಸುದ್ದಿ."

ಎಂಬತ್ತರ ದಶಕದ ನಡುವಿನಲ್ಲಿ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಒಂದು ಗ್ಯಾರೇಜಿಗೆ ಸ್ಟೋರ್ ಕೀಪರಾಗಿ ಬಂದ ನಾನು ಉಳಿದುಕೊಂಡದ್ದು ಅಕ್ಕ ಭಾವನವರ ಮನೆಯಲ್ಲಿ. ಎರಡು ಕೋಣೆ, ಒಂದು ಹಜಾರ, ಟ್ರ್ಯಾಕ್ಟರಿನಂತೆ ಸದ್ದು ಮಾಡುವ ಒಂದು ಎ.ಸಿ. ಭಾವನವರು ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಟೈಪಿಸ್ಟು. ಅವರ ಮೇಲಧಿಕಾರಿ ಒಬ್ಬ ಇಂಗ್ಲಿಷ್ ಇಂಜಿನಿಯರು. ನಾವೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ಆರಡಿ ಎತ್ತರ, ಆರು ತಿಂಗಳಿಗೊಂದು ನಗು. ಮಾತಂತೂ ಟೆಲಿಗ್ರಾಂ ಭಾಷೆಯಲ್ಲಿ. "ಫೈಲ್." "ಟೀ." "ನಾಳೆ."

ಈ ಸಾಹೇಬರಿಗೆ ಪ್ರತಿ ತಿಂಗಳು ಅವರ ಹುಟ್ಟೂರಿನ ಗ್ರಾಮಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಎಂಟೇ ಪುಟ, ಹಳದಿ ಕಾಗದ, ಮಧ್ಯಕ್ಕೊಂದು ಪಿನ್ನು. ಬಂದ ಅಂಚೆಯನ್ನೆಲ್ಲ ಬಿಡಿಸಿ ಮೇಜಿನ ಮೇಲಿಡುವುದು ಭಾವನವರ ಕೆಲಸ. ಸಾಹೇಬರು ಆ ಪತ್ರಿಕೆಯನ್ನು ಎತ್ತಿ, ಒಂದು ಪುಟವನ್ನೂ ತಿರುವದೆ ನೇರವಾಗಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅಚ್ಚಾದ ಕಾಗದ ಬುಟ್ಟಿಗೆ ಬೀಳುವುದನ್ನು ನೋಡಿ ಭಾವನವರಿಗೆ ತಡೆಯಲಾಗಲಿಲ್ಲವಂತೆ. "ಸರ್, ನಾನು ತೆಗೆದುಕೊಳ್ಳಲೇ?" ಎಂದು ಕೇಳಿದರು. "ತಗೋ," ಎಂದರು ಸಾಹೇಬರು. ಅಷ್ಟೇ! ಮುಂದಿನ ಎಂಟು ವರ್ಷ ನಮ್ಮ ಶುಕ್ರವಾರಗಳೆಲ್ಲ ಆ ಹಳ್ಳಿಯ ಪಾಲಾದವು.

ಶುಕ್ರವಾರ ರಜೆ. ಸುತ್ತಲಿನ ಗ್ಯಾರೇಜುಗಳ ಸುತ್ತಿಗೆ ಸದ್ದೆಲ್ಲ ನಿಂತಿರುತ್ತಿತ್ತು. ಅಕ್ಕ ಏಲಕ್ಕಿ ಹಾಕಿ ಚಹಾ ಮಾಡುತ್ತಿದ್ದಳು. ಕೆಳಗಿನ ಕಿರಾಣಿ ಅಂಗಡಿಯ ಬ್ಯಾರಿ ಕಾಕ, ನಮ್ಮ ಕಡೆಯವರೇ, ಜುಮ್ಮಾ ನಮಾಜು ಮುಗಿಸಿ ಊಟ ಮಾಡಿ ನೇರ ಮೇಲೆ ಬರುತ್ತಿದ್ದರು. ಚಾಪೆಯ ಮೇಲೆ ಕಾಲು ಚಾಚಿ, "ಯಲ್ಲಾ, ಓದಿ ಮಾರಾಯ್ರೆ," ಎಂದು ಅರಬ್ಬಿ ಬೆರೆಸಿ ಅವಸರಪಡಿಸಿದರೆ ಭಾವನವರು ಕನ್ನಡಕ ಏರಿಸಿ, ಇಂಗ್ಲಿಷಿನದನ್ನು ನಮ್ಮ ಭಾಷೆಗೆ ತಿರುಗಿಸುತ್ತ ಓದುತ್ತಿದ್ದರು. ಅಕ್ಕನ ಹತ್ತು ವರ್ಷದ ಮಗಳು ಮಾತ್ರ, "ಮಾಮ, ಹೂ ಕೇರ್ಸ್!" ಎಂದು ಒಳಗೆ ಹೋಗುತ್ತಿದ್ದಳು. ಬಾಗಿಲು ಮಾತ್ರ ತೆರೆದೇ ಇಡುತ್ತಿದ್ದಳು, ಕೇಳಿಸಬೇಕಲ್ಲ!

ಒಂದು ಸಲ ಅಲ್ಲಿಯ ಅಂಚೆ ಕಚೇರಿಯಾಕೆಯ ಬೆಕ್ಕು ಕಾಣೆಯಾಯಿತು. ಕಂದು ಬಣ್ಣ, ಒಂದು ಕಿವಿ ಹರಿದದ್ದು, ಕಂಡವರು ದಯವಿಟ್ಟು ತಿಳಿಸಿ ಎಂದಿತ್ತು. ಮುಂದಿನ ಸಂಚಿಕೆಗೆ ಒಂದು ತಿಂಗಳು ಕಾಯಬೇಕು. ಆ ತಿಂಗಳು ನಾವು ಪಟ್ಟ ಪಾಡು ಯಾರಿಗೆ ಹೇಳುವುದು? ಕಾಕ ಅಕ್ಕಿ ತೂಗುತ್ತ, "ಬೆಕ್ಕಿನ ಸುದ್ದಿ ಎಂತದಾದ್ರೂ ಬಂತಾ?" ಎಂದು ಕೇಳುತ್ತಿದ್ದರು. ಕೊನೆಗೆ ಸುದ್ದಿ ಬಂತು. ಬೆಕ್ಕು ಎಲ್ಲಿಗೂ ಹೋಗಿರಲಿಲ್ಲ. ಎರಡು ಮನೆಯಾಚೆ ಇನ್ನೊಬ್ಬ ಮುದುಕಿಯ ಬಳಿ ಬೇರೆ ಹೆಸರಿಟ್ಟುಕೊಂಡು ಬೇರೆ ಸಂಸಾರ ಹೂಡಿತ್ತು! ಕಾಕ ಅಂಗಡಿಗೆ ಬಂದವರಿಗೆಲ್ಲ ಅಂದು ಖರ್ಜೂರ ಹಂಚಿದರು. ಯಾಕೆ ಎಂದು ಕೇಳಿದ ಪಠಾಣ್ ಡ್ರೈವರನಿಗೆ, "ಬಿಲ್ಲಿ ಮಿಲ್ ಗಯಾ," ಎಂದರು. ಅವನು ಅಂಗಡಿಯೆಲ್ಲ ಹುಡುಕಿ ನೋಡಿ, ಖರ್ಜೂರ ಬಾಯಿಗೆ ಹಾಕಿಕೊಂಡು ಹೋದ.

ಬರೀ ಓದಿ ಸುಮ್ಮನಿದ್ದರೆ ಅವರು ನಮ್ಮ ಭಾವನವರು ಹೇಗಾದಾರು? ಒಂದು ವರ್ಷ ಆ ಊರಿನಲ್ಲಿ ಮಾರೋ ಎಂಬ ಕಾಯಿ ವಿಪರೀತ ಬೆಳೆಯಿತು. ನಮ್ಮ ಸಾಂಬಾರು ಸೌತೆಕಾಯಿಯ ದಪ್ಪ ತಮ್ಮ ಎಂದುಕೊಳ್ಳಿ. ಇಷ್ಟೊಂದನ್ನು ಏನು ಮಾಡುವುದು, ಓದುಗರು ಸಲಹೆ ಕೊಡಿ ಎಂದು ಸಂಪಾದಕಿ ಕೇಳಿದ್ದರು. ಭಾವನವರಿಗೆ ಅಷ್ಟು ಸಾಕಾಯಿತು. ಊಟದ ಬಿಡುವಿನಲ್ಲಿ ಆಫೀಸಿನ ಟೈಪ್‌ರೈಟರಿನಲ್ಲಿ ನಾಲ್ಕು ಪುಟ ಕುಟ್ಟಿದರು. ನಮ್ಮೂರಿನಲ್ಲಿ ಸೌತೆಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ಮನೆಯ ಮಾಡಿನ ಕೆಳಗೆ ತೂಗು ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ಚಿತ್ರ ಸಮೇತ ವಿವರಿಸಿದರು. ಅಕ್ಕನ ಹುಳಿಯ ಕ್ರಮವನ್ನೂ ಸೇರಿಸಿದರು: "ಒಣಮೆಣಸು, ನಿಮ್ಮ ಧೈರ್ಯವಿದ್ದಷ್ಟು."

ಕಾಗದ ಅಚ್ಚಾಯಿತು! 'ಮಸ್ಕತ್ತಿನ ನಮ್ಮ ಓದುಗರಿಂದ' ಎಂಬ ತಲೆಬರಹ ಬೇರೆ. ಭಾವನವರು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಎರಡು ತಿಂಗಳ ಬಳಿಕ ಮತ್ತೊಂದು ಸುದ್ದಿ ಬಂತು. ಊರಿನ ಹೆಂಗಸರು ಸಮುದಾಯ ಭವನದ ತೊಲೆಗಳಿಗೆ ನಲವತ್ತು ಮಾರೋಗಳನ್ನು ತೂಗು ಹಾಕಿದ್ದರು. ಬಾಳೆನಾರು ಅಲ್ಲೆಲ್ಲಿ ಸಿಗಬೇಕು, ಸ್ವೆಟರಿನ ಉಲ್ಲನ್ ದಾರ ಬಳಸಿದ್ದರು. ಗ್ರಾಮಸಭೆ ನಡೆಯುತ್ತಿದ್ದಾಗ ಎಲ್ಲಕ್ಕಿಂತ ದೊಡ್ಡದು ದಾರ ಕಡಿದು ನೇರ ಟೀ ಪಾತ್ರೆಯ ಮೇಲೆ! "ಯಾರಿಗೂ ಗಾಯವಾಗಿಲ್ಲ. ಮಸ್ಕತ್ತಿನ ಓದುಗರಿಗೆ ಗ್ರಾಮಸಭೆ ಧನ್ಯವಾದ ಹೇಳುತ್ತದೆ. ಅವರು ಇನ್ನು ಸಲಹೆಗಳನ್ನು ಕಳಿಸಬೇಕಾಗಿಲ್ಲ."

"ನೋಡು, ಥ್ಯಾಂಕ್ಸ್ ಹೇಳಿದ್ದಾರೆ," ಎಂದರು ಭಾವ.

"ಅದರ ಮುಂದಿನ ಸಾಲು ಇನ್ನೊಮ್ಮೆ ಓದಿ," ಎಂದಳು ಅಕ್ಕ ಒಳಗಿನಿಂದ.

ಎಲ್ಲಕ್ಕಿಂತ ಮೇಲೆ ಅಲ್ಲಿಯ ಕ್ರಿಕೆಟ್ ತಂಡ. ಪ್ರತಿ ಬೇಸಗೆ ಪಕ್ಕದ ಹಳ್ಳಿಯ ಎದುರು ಸೋಲುವುದು ಅದರ ಪದ್ಧತಿ. ಒಂದು ವರ್ಷ ಗೆಲ್ಲುವ ಹಂತಕ್ಕೆ ಬಂದಿತ್ತು. ಆಗ ಅದೇ ಊರಿನ ಅಂಪೈರು ತಮ್ಮೂರಿನ ಅತ್ಯುತ್ತಮ ಬ್ಯಾಟ್ಸ್‌ಮನ್ನನನ್ನೇ ಎಲ್‌ಬಿಡಬ್ಲ್ಯು ಕೊಟ್ಟು ಕಳಿಸಿಬಿಟ್ಟರು.

"ಸ್ವಂತ ಊರಿನವನಿಗೇ ಔಟ್ ಕೊಡುವುದಾ? ಎಂಥ ಜನ ಮಾರಾಯ್ರೆ!" ಎಂದು ಕಾಕ ಸಿಟ್ಟಾದರು.

"ಕಾಲಿಗೆ ತಾಗಿದ್ರೆ ಔಟೇ ಕಾಕ. ಅಂಥ ಒಬ್ಬ ಊರಿಗೆ ಬೇಕು," ಎಂದರು ಭಾವ. ಅಂದಿನಿಂದ ಆ ಅಂಪೈರು ಅವರ ದೇವರು. ಅಂಪೈರರಿಗೆ ಬೀನ್ಸ್ ಬೆಳೆಯಲ್ಲಿ ಎರಡನೇ ಬಹುಮಾನ ಬಂದರೆ ನಮ್ಮ ಮನೆಯಲ್ಲಿ ಪಾಯಸ! ಹೀಗೆ ಓದುತ್ತ ಓದುತ್ತ ಭಾವನವರಿಗೆ ಒಂದು ವಿಷಯ ಹೊಳೆಯಿತು. ಅಂಪೈರರ ಮನೆಹೆಸರೂ ಸಾಹೇಬರ ಮನೆಹೆಸರೂ ಒಂದೇ. ಮರುದಿನ ಧೈರ್ಯ ಮಾಡಿ ಕೇಳಿಯೇಬಿಟ್ಟರು.

"ಸರ್, ಊರಿನ ಅಂಪೈರು ನಿಮಗೆ ಸಂಬಂಧವೇ?"

"ಅಣ್ಣ. ಇಬ್ರಾ ರಸ್ತೆಯ ಫೈಲ್ ತಾ."

ಆ ಮಾತು ಬಾಗಿಲು ಹಾಕಿದ ಹಾಗಿತ್ತಂತೆ. ಭಾವನವರು ಮತ್ತೆ ಕೇಳಲಿಲ್ಲ. ಸಾಹೇಬರು ರಜೆಗೆ ಎಲ್ಲೆಲ್ಲಿಗೋ ಹೋಗುತ್ತಿದ್ದರು, ಊರಿಗೆ ಮಾತ್ರ ಹೋಗುತ್ತಿರಲಿಲ್ಲ ಎಂಬುದು ಆಮೇಲೆ ನಮಗೆ ತಿಳಿಯಿತು.

ತೊಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಒಂದು ಶುಕ್ರವಾರ ಭಾವನವರು ಓದುತ್ತ ಓದುತ್ತ ಮೂರನೇ ಪುಟದಲ್ಲಿ ತಡೆದು ನಿಂತರು. ಕ್ರಿಕೆಟ್ ಪಂದ್ಯಕ್ಕೆ ಈ ಸಲ ಬೇರೆ ಅಂಪೈರು. ಹಳೆಯ ಅಂಪೈರರು ಆಸ್ಪತ್ರೆಯಲ್ಲಿದ್ದಾರೆ, ಊರಿನವರ ಪ್ರಾರ್ಥನೆ ಅವರೊಂದಿಗಿದೆ ಎಂದಿತ್ತು.

"ಸಾಹೇಬರಿಗೆ ಗೊತ್ತಿರ್ಲಿಕ್ಕಿಲ್ಲ," ಎಂದರು ಭಾವ.

"ಅವರಿಗೆ ಅಣ್ಣನ ಹೆಸರೇ ಆಗೂದಿಲ್ಲ ಅಂತೀರಿ," ಎಂದರು ಕಾಕ. "ಸಿಟ್ಟು ಬಂದು ಕೆಲಸದಿಂದ ತೆಗೆದ್ರೆ ವೀಸಾ ಖಲಾಸ್. ಸಂಸಾರ ಉಂಟು ನಿಮಗೆ."

ಎಲ್ಲರೂ ಅಕ್ಕನನ್ನು ನೋಡಿದೆವು. ಆಕೆ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ, "ಹೇಳಿ. ಬೈದ್ರೆ ಬೈಸಿಕೊಳ್ಳಿ," ಎಂದಳು. "ನಾಳೆಯೇ ಹೇಳಿ."

ಶನಿವಾರ ನಡೆದದ್ದನ್ನು ಭಾವನವರೇ ಹೇಳಿದ್ದು. ಅವರು ಪತ್ರಿಕೆಯನ್ನು ಸಾಹೇಬರ ಮೇಜಿನ ಮೇಲಿಟ್ಟರು. "ಅದನ್ನು ನೀನೇ ಇಟ್ಟುಕೋ ಎಂದಿದ್ದೆನಲ್ಲ," ಎಂದರು ಸಾಹೇಬರು.

"ಸರ್, ಮೂರನೇ ಪುಟ."

"ನನಗೆ ಕೆಲಸವಿದೆ."

"ಓದುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ, ಸರ್."

ನಮ್ಮ ಭಾವನವರು! ಲಿಫ್ಟಿನವನಿಗೂ ಸರ್ ಎನ್ನುವ ಜನ! ಸಾಹೇಬರು ತಲೆಯೆತ್ತಿ ಒಂದು ಗಳಿಗೆ ನೋಡಿದರು. ಆಮೇಲೆ ಓದಿದರು. ಕನ್ನಡಕ ತೆಗೆದರು. "ಹೊರಗೆ ಹೋಗು," ಎಂದರು.

ಭಾವನವರು ಹೊರಗೆ ಬಂದು ತಮ್ಮ ಡ್ರಾಯರ್ ಖಾಲಿ ಮಾಡತೊಡಗಿದರು. ಪೆನ್ನು, ಬಾಮಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ ಎಲ್ಲ ಒಂದು ಚೀಲಕ್ಕೆ ಹೋದವು. ಮಧ್ಯಾಹ್ನ ಸಾಹೇಬರು ಕೋಣೆಯಿಂದ ಹೊರಬಂದು, ಯಾರ ಮುಖವನ್ನೂ ನೋಡದೆ ಕಾರು ಹತ್ತಿದರು. ಸಂಜೆ ಡ್ರೈವರ್ ಬಂದು, ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ ಎಂದ. ಭಾವನವರು ಉಪ್ಪಿನಕಾಯಿ ಬಾಟಲಿಯನ್ನು ಮತ್ತೆ ಡ್ರಾಯರಿಗೆ ಇಟ್ಟರು.

ಎರಡು ವಾರ ಕಳೆದು ಒಂದು ಶುಕ್ರವಾರ, ಅಕ್ಕ ಅನ್ನ ಬಸಿಯುತ್ತಿದ್ದ ಹೊತ್ತು. ಬಾಗಿಲು ಬಡಿದರು. ಕಾಕ ಇಷ್ಟು ಬೇಗ ಬಂದರಾ ಎಂದು ನಾನು ತೆರೆದರೆ, ಸಾಹೇಬರು! ಬಾಗಿಲ ಬಳಿಯ ಚಪ್ಪಲಿಗಳ ರಾಶಿಯನ್ನು ನೋಡಿ ತಾವೂ ಬೂಟು ಬಿಚ್ಚಿದರು. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು. ಭಾವನವರು ಲುಂಗಿ ಸರಿಮಾಡಿಕೊಳ್ಳುತ್ತ ಕುರ್ಚಿ ತರಲು ಓಡಿದರು. ಅಷ್ಟರಲ್ಲಿ ಸಾಹೇಬರು ಚಾಪೆಯ ಮೇಲೆಯೇ ಕುಳಿತಿದ್ದರು.

"ಆರು ದಿನ ಇದ್ದೆ," ಎಂದರು. "ಅವನಿಗೆ ಮಾತು ನಿಂತುಹೋಗಿತ್ತು. ನನ್ನ ಕೈ ಮಾತ್ರ ಬಿಡಲಿಲ್ಲ." ಹೊರಗಿಣುಕಿದ ಹೆಬ್ಬೆರಳನ್ನು ಕಾಲುಚೀಲದೊಳಗೆ ತುರುಕುತ್ತ ಮತ್ತೆ ಹೇಳಿದರು. "ಅಮ್ಮನನ್ನು ಮಣ್ಣು ಮಾಡಿದ ದಿನ ಅವನೊಡನೆ ಜಗಳವಾಡಿದ್ದೆ. ಹನ್ನೊಂದು ವರ್ಷ. ಈಗ ಅವನ ಶವಯಾತ್ರೆಗೆ ಬಂದವರೆಲ್ಲ ನನಗೆ ಅವನ ಕತೆ ಹೇಳುತ್ತಿದ್ದರು, ನಿನಗೆ ಗೊತ್ತಿರಬೇಕಲ್ಲ ಎನ್ನುತ್ತಿದ್ದರು. ನಾನು ಹೂಂ ಹೂಂ ಎಂದೆ. ನನಗೆ ಏನೂ ಗೊತ್ತಿರಲಿಲ್ಲ. ನಿನಗೆ ಗೊತ್ತಲ್ಲವೇ? ಹೇಳು."

ಭಾವನವರು ಮಂಚದ ಅಡಿಯಿಂದ ಎಂಟು ವರ್ಷದ ಪತ್ರಿಕೆಗಳನ್ನು ಹೊರತೆಗೆದರು. ಒಂದೊಂದೇ ಬಿಡಿಸುತ್ತ ಹೇಳಿದರು. ಅಣ್ಣ ಬೀನ್ಸ್ ಬೆಳೆದದ್ದು, ಊರಿನ ಬಸ್ಸು ನಿಲ್ಲಿಸಿದಾಗ ಮುದುಕಿಯರನ್ನು ತಮ್ಮ ಕಾರಿನಲ್ಲಿ ಪೇಟೆಗೆ ಕರೆದೊಯ್ದದ್ದು, ಕ್ರಿಸ್‌ಮಸ್ ನಾಟಕದಲ್ಲಿ ಮೂರು ವರ್ಷ ಒಂಟೆಯ ಹಿಂಗಾಲಾಗಿ ನಟಿಸಿದ್ದು. ಒಂಟೆಯ ಹಿಂಗಾಲು ಎಂದಾಗ ಸಾಹೇಬರು ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಇದನ್ನು ನಾನು ತರಿಸಿದ್ದಲ್ಲ," ಎಂದರು ಕೊನೆಗೆ. "ಚರ್ಚಿನವರು ಎಲ್ಲರಿಗೂ ಕಳಿಸುತ್ತಾರೆ ಎಂದುಕೊಂಡಿದ್ದೆ."

ಭಾವನವರು ಎದ್ದು ಒಳಗೆ ಹೋಗಿ ಒಂದು ರಟ್ಟಿನ ಡಬ್ಬಿ ತಂದರು. ಪತ್ರಿಕೆಗಳಿಗೆ ಸುತ್ತಿ ಬರುತ್ತಿದ್ದ ಕಂದು ಕಾಗದಗಳು. ಮಗಳು ಅಂಚೆಚೀಟಿ ಕೂಡಿಸುತ್ತಾಳೆಂದು ಅವನ್ನು ಆಫೀಸಿನಲ್ಲೇ ಬಿಚ್ಚಿ ತೆಗೆದಿಡುತ್ತಿದ್ದರು. ಒಂದನ್ನೂ ಸಾಹೇಬರು ನೋಡಿರಲಿಲ್ಲ.

ಸಾಹೇಬರು ಮೇಲಿನದನ್ನು ಎತ್ತಿಕೊಂಡರು. ಇನ್ನೊಂದು, ಮತ್ತೊಂದು. ಎಲ್ಲದರ ಮೇಲೂ ನೀಲಿ ಶಾಯಿಯಲ್ಲಿ ಒಂದೇ ಕೈ ಬರೆದ ಅವರ ಹೆಸರು, ಮಸ್ಕತ್ತಿನ ವಿಳಾಸ.

"ಅವನ ಅಕ್ಷರ," ಎಂದರು. "ತಿಂಗಳು ತಿಂಗಳೂ ಅವನೇ ಬರೆದಿದ್ದಾನೆ."

"ನನ್ನ ತಪ್ಪು, ಸರ್," ಎಂದರು ಭಾವನವರು. "ನಾನು ಬಿಚ್ಚದೇ ಕೊಡಬೇಕಿತ್ತು."

ಸಾಹೇಬರು ಇಲ್ಲವೆಂದು ತಲೆಯಾಡಿಸಿದರು. ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು.

ಅಕ್ಕ ಅಡುಗೆಮನೆಯಿಂದ ಬಂದಳು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾಹೇಬರ ಎದುರಿಗೆ ಅನ್ನದ ತಟ್ಟೆ ಇಟ್ಟು, ಒಂದು ಲೋಟ ನೀರನ್ನೂ ಇಟ್ಟು, ನಮಗೆಲ್ಲ ಹೇಳುವ ಹಾಗೆಯೇ ಹೇಳಿದಳು:

"ಊಟ ಮಾಡಿ. ಹಸಿದುಕೊಂಡು ಕೂತ್ಕೊಳ್ಬಾರ್ದು."

ಸಾಹೇಬರು ಅವಳ ಮುಖ ನೋಡಿದರು. ಕಾಗದಗಳನ್ನು ಜೋಪಾನವಾಗಿ ಡಬ್ಬಿಗೆ ಹಾಕಿ, ಕೈ ತೊಳೆಯುವುದು ಎಲ್ಲಿ ಎಂದು ಕೇಳಿದರು.