ಹೊಗಳಲು ಬಾರದ ಬಾಯಿ

ನನಗೀಗ ಎಪ್ಪತ್ತನಾಲ್ಕು ವರ್ಷ. ಮೊನ್ನೆಮೊನ್ನೆಯವರೆಗೂ ನಾನು ಒಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೊಗಳಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ತಪ್ಪು ಪೂರ್ತಿ ನನ್ನದಲ್ಲ, ನಮ್ಮ ಕೊರಟಗೆರೆ, ಮಧುಗಿರಿ ಕಡೆಯ ರೂಢಿಯೇ ಹಾಗೆ. ಮಗು ಮುದ್ದಾಗಿದ್ದರೆ "ಥೂ, ಒಳ್ಳೆ ಕೋತಿಮರಿ ಇದ್ದಂಗೈತೆ" ಎನ್ನಬೇಕು. ಅಷ್ಟಕ್ಕೆ ತಾಯಿಗೆ ಸಂತೋಷ. ಬಾಯಿ ತಪ್ಪಿ "ಚೆನ್ನಾಗಿದೆ" ಎಂದಿರೋ, ಆಕೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಗ್ಯಾಸ್ ಒಲೆ ಬಂದ ಮೇಲೆ ಇದಕ್ಕೆಂದೇ ಮನೆಮನೆಯಲ್ಲೂ ಒಂದು ತೂತುಬಿದ್ದ ಹಳೇ ಬಾಣಲೆ ಇಟ್ಟುಕೊಂಡಿದ್ದಾರೆ. ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ನಾನು ಅಂಕಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ಲೆಕ್ಕದಲ್ಲಿ ಯಾಕಿಷ್ಟು ಕಮ್ಮಿ?" ಎಂದೆ. ಅವಳು ಅಳುತ್ತಾ ಒಳಗೆ ಹೋದಳು. ನಾನು ಅದೇ ಪರೀಕ್ಷೆಯನ್ನು ಮೂರನೇ ಸಲಕ್ಕೆ ದಾಟಿದವನು, ಅದೂ ಲೆಕ್ಕದಲ್ಲಿ ಅಂಚಿಗೆ ಕಾಲಿಟ್ಟು. "ಚೆನ್ನಾಗಿ ಓದಿದೀಯ ಕಣಮ್ಮ ಅಂದಿದ್ರೆ ನಿಮ್ಮ ಹಲ್ಲು ಉದುರ್ತಿತ್ತಾ?" ಎಂದು ನನ್ನ ಹೆಂಡತಿ ಗಿರಿಜಮ್ಮ ಕೇಳಿದಳು. ಆಗ ಹಲ್ಲೆಲ್ಲ ಗಟ್ಟಿಯಾಗಿದ್ದವು. ಹೇಳಬಹುದಿತ್ತು.

ಇಂಥ ನನ್ನನ್ನು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಹೊಗಳುವ ಕೆಲಸಕ್ಕೆ ನೇಮಿಸಿದರು ಎಂದರೆ ನೀವು ನಂಬಬೇಕು. ಅದೇ ಶಾಲೆಯಲ್ಲಿ ನಾನು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಜವಾನನಾಗಿದ್ದೆ. ಗಂಟೆ ಹೊಡೆಯುವುದು, ನೀರು ತುಂಬಿಸುವುದು, ಬೀಗ ಹಾಕುವುದು. ಇವೆಲ್ಲ ಆದೇಶದಲ್ಲಿದ್ದ ಕೆಲಸಗಳು. ಆದೇಶದಲ್ಲಿಲ್ಲದ ಇನ್ನೊಂದು ಕೆಲಸವಿತ್ತು, ನಾನು ನಿಜವಾಗಿ ನಿಪುಣನಾಗಿದ್ದದ್ದು ಅದರಲ್ಲಿ. ಮೇಷ್ಟ್ರುಗಳಿಗೆ ಕೋಲು ಕಡಿದುಕೊಂಡು ಬರುವುದು. ಹೊಂಗೆ ಕೋಲು ಎರಡೇ ಏಟಿಗೆ ಮುರಿಯುತ್ತದೆ. ಲಕ್ಕಿ ಗಿಡದ ಕಡ್ಡಿಯಲ್ಲಿ ಸದ್ದು ಜಾಸ್ತಿ, ಉರಿ ಕಮ್ಮಿ, ಮೊದಲ ತಪ್ಪಿಗೆ ಸಾಕು. ಹುಣಸೆ ಬರಲು ಮಾತ್ರ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಯಾವ ಮೇಷ್ಟ್ರ ಕೈಗೆ ಯಾವುದು ಒಗ್ಗುತ್ತದೆ ಎಂಬುದೂ ನನಗೆ ಗೊತ್ತಿತ್ತು. "ಸಿದ್ದಣ್ಣ ತಂದ ಕೋಲು ಅಂದ್ರೆ ಕೋಲಪ್ಪ" ಎಂದು ಹಳೇ ಹೆಡ್‌ಮೇಷ್ಟ್ರು ಒಮ್ಮೆ ಹೇಳಿದ್ದರು. ಇಡೀ ನೌಕರಿಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ನನಗೇನೂ ದೃಷ್ಟಿ ತಾಗಲಿಲ್ಲ.

ಈಗ ಶಾಲೆಯಲ್ಲಿ ಕೋಲು ಹಿಡಿಯುವಂತಿಲ್ಲ. ಹೋದ ವರ್ಷ ಪಾವಗಡದ ಕಡೆಯಿಂದ ಹೊಸ ಹೆಡ್ ಮೇಡಂ ಬಂದರು. ಮಾತಿನ ನಡುವೆ ಎರಡು ತೆಲುಗು ಪದ ಉದುರಿಸುವ, ನಗುಮುಖದ ಹೆಂಗಸು. ಅವರು ಒಂದು ಪದ್ಧತಿ ತಂದರು. ಒಂದರಿಂದ ಏಳನೇ ಕ್ಲಾಸಿನವರೆಗೆ ಇಡೀ ಶಾಲೆಯಲ್ಲಿ ತಪ್ಪು ಮಾಡಿದವರನ್ನು ಹುಡುಕುವುದು ಬಂದ್. ಒಳ್ಳೆಯದು ಮಾಡಿದವರನ್ನು ಹುಡುಕಬೇಕು. ಬೆಳಗಿನ ಪ್ರೇಯರ್‌ನಲ್ಲಿ ದೊಡ್ಡವರು ಯಾರಾದರೂ ಒಬ್ಬರು, ತಾವು ಕಣ್ಣಾರೆ ಕಂಡ ಒಂದು ಮಗುವಿನ ಒಳ್ಳೆಯ ಕೆಲಸವನ್ನು ಎಲ್ಲರೆದುರು ಹೇಳಬೇಕು. ಮಕ್ಕಳು ಮೂರು ಚಪ್ಪಾಳೆ ತಟ್ಟಬೇಕು. ಗೇಟಿನ ಪಕ್ಕದ ಹೊರಗೋಡೆಯ ಹಲಗೆಯ ಮೇಲೆ ಆ ಮಗುವಿನ ಹೆಸರು, ಕೆಲಸ ಎರಡನ್ನೂ ಬರೆದು ಸಂಜೆಯವರೆಗೆ ಅಳಿಸಬಾರದು. ಬಿಸಿಯೂಟದ ಅಡುಗೆಯ ಗಂಗಮ್ಮನೂ ಹೇಳಬೇಕಾಗಿ ಬಂದು, ಮೊದಲ ದಿನ ಆಕೆ, "ಈ ಹುಡ್ಗ ನಿನ್ನೆ ನಾಕು ಸಲ ಸಾಂಬಾರ್ ಹಾಕಿಸ್ಕಂಡ, ಏನೂ ಅನ್ಲಿಲ್ಲ" ಎಂದು ಹೊಗಳಿದಳು. ಮಕ್ಕಳೂ ಬೇಗ ಚುರುಕಾದರು. ಕಸ ಹೆಕ್ಕಿದರೆ ಹೆಸರು ಬರುತ್ತದೆಂದು ಗೊತ್ತಾದೊಡನೆ ಮನೆಯಿಂದಲೇ ಬಿಸ್ಕತ್ತಿನ ಕಾಗದ ತಂದು, ಮೇಡಂ ಬರುವ ಹೊತ್ತಿಗೆ ಸರಿಯಾಗಿ ಬೀಳಿಸಿ, ಹೆಕ್ಕತೊಡಗಿದರು. ಗಿಡಕ್ಕೆ ನೀರು ಹಾಕಿದರೆ ಚಪ್ಪಾಳೆ ಎಂದು ದಿನಕ್ಕೆ ಹತ್ತು ಸಲ ನೀರು ಕುಡಿದ ಪರಂಗಿ ಗಿಡ ಬುಡ ಕೊಳೆತು ಬಿತ್ತು.

ಒಂದು ದಿನ ಮೇಡಂ ನನ್ನ ಜಗಲಿಗೇ ಬಂದರು. ನಮ್ಮ ಮನೆ ಶಾಲೆಗೆ ಎದುರು, ನಡುವೆ ರಸ್ತೆ, ಬಸ್ಸು ನಿಲ್ಲುವ ಜಾಗ. ನಾನು ಇಡೀ ದಿನ ಅಲ್ಲೇ ಕೂತಿರುತ್ತೇನೆ. "ಸಿದ್ದಣ್ಣನೋರೆ, ನಮ್ಮನ್ನ ಕಂಡ್ರೆ ಮಕ್ಕಳು ನಾಟಕ ಆಡ್ತಾರೆ. ನೀವು ಇಲ್ಲಿಂದ ಸುಮ್ನೆ ನೋಡಿ. ಯಾರಿಗೂ ತೋರಿಸೋಕಲ್ದೆ ಒಳ್ಳೇದು ಮಾಡೋ ಮಗು ಸಿಕ್ರೆ ಬಂದು ಹೇಳಿ, ಸರೇನಾ?" ಎಂದರು. ನಾನು ಒಪ್ಪಿದೆ. ಒಂದು ವಾರ ನೋಡಿದೆ. ಕಾಂಪೌಂಡ್ ಹತ್ತಿದವರು ಕಂಡರು, ನಲ್ಲಿ ತಿರುಚಿದವರು ಕಂಡರು, ಒಬ್ಬರ ಜಡೆ ಒಬ್ಬರು ಎಳೆದವರು ಕಂಡರು. ಒಳ್ಳೆಯದು ಮಾತ್ರ ಒಂದೂ ಕಾಣಲಿಲ್ಲ. ಮಕ್ಕಳ ತಪ್ಪಲ್ಲ ಅದು. ಮೂವತ್ತೈದು ವರ್ಷ ಕಳ್ಳರನ್ನು ಹುಡುಕಿದ ಕಣ್ಣು ಬೇರೆ ಯಾವುದನ್ನೂ ನೋಡಲು ಕಲಿತಿರಲಿಲ್ಲ.

ಎರಡನೇ ವಾರ ಮೂರನೇ ಕ್ಲಾಸಿನ ಸಿಂಚನ ಎಂಬ ಹುಡುಗಿ ಕಣ್ಣಿಗೆ ಬಿದ್ದಳು. ಒಂದನೇ ಕ್ಲಾಸಿನ ಬಾಗಿಲಲ್ಲಿ ಚಿಕ್ಕವರು ಚಪ್ಪಲಿಗಳನ್ನು ರಾಶಿ ಎಸೆದು ಒಳಗೆ ಓಡುತ್ತಾರೆ. ಈ ಹುಡುಗಿ ನೀರು ಕುಡಿಯಲು ಬಂದವಳು, ಆಚೀಚೆ ನೋಡದೆ ಕುಕ್ಕರಗಾಲಿನಲ್ಲಿ ಕೂತು, ಎಡಬಲ ಜೋಡಿಸಿ, ಕಾಲಿಗೆ ಸಿಗುವ ಹಾಗೆ ಮುಖ ತಿರುಗಿಸಿಟ್ಟು ಹೋಗುತ್ತಾಳೆ. ನಾಲ್ಕು ದಿನ ನೋಡಿದೆ, ನಾಲ್ಕೂ ದಿನ ಹಾಗೇ ಮಾಡಿದಳು. ಐದನೇ ದಿನ ಪ್ರೇಯರ್‌ನಲ್ಲಿ ನಿಂತೆ. ಬಾಯಿ ತೆರೆದರೆ ರೂಢಿಯ ಪದವೇ ಮುಂದೆ ಬಂತು. "ಈ ಮುಂಡೇದು" ಎಂದೆ. ಮೇಡಂ ಕೆಮ್ಮಿದರು. ಸಾವರಿಸಿಕೊಂಡು ಇಡೀ ಸಂಗತಿ ಹೇಳಿ, ಕೊನೆಗೆ "ಒಳ್ಳೇ ಹುಡುಗಿ" ಎಂದೂ ಅಂದುಬಿಟ್ಟೆ. ಚಪ್ಪಾಳೆ ಬಿತ್ತು. ಹುಡುಗಿ ನೆಲ ನೋಡುತ್ತಾ ನಕ್ಕಳು. ಎಪ್ಪತ್ತನಾಲ್ಕನೇ ವರ್ಷದಲ್ಲಿ ಸೈಕಲ್ ಕಲಿತವನ ಹಾಗೆ ಮನೆಗೆ ಬಂದೆ.

ಮಾರನೆಯ ದಿನ ಸಿಂಚನಳಿಗೆ ಜ್ವರ. ಮೂರನೇ ದಿನವೂ ಬರಲಿಲ್ಲ. ನಾಲ್ಕನೇ ದಿನ ಅವಳ ತಾತ ಕೆಂಚಪ್ಪ ನನ್ನ ಜಗಲಿಯ ಮುಂದೆ ಬಂದು ನಿಂತ. ಊರಾಚೆ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿರುವ ಕುರುಬರ ಮನೆಯವನು, ನನಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವನು. ಅವನು ನನ್ನೊಡನೆ ಮಾತಾಡಿ ಎಷ್ಟೋ ಕಾಲವಾಗಿತ್ತು.

"ಏನ್ ಸಿದ್ದಣ್ಣ, ಹುಣ್ಸೆ ಬರ್ಲು ಮುಗೀತು ಅಂತ ಈಗ ಬಾಯಲ್ಲೇ ಶುರು ಹಚ್ಕಂಡ್ಯಾ?"

"ಒಳ್ಳೇದೇ ಹೇಳ್ದೆ ಕಣೋ ಕೆಂಚಪ್ಪ."

"ಆವತ್ತು ನಿನ್ ಬಾಯಲ್ಲಿ ನನ್ ಹೆಸ್ರು ಬಂತು, ನನ್ ಇಸ್ಕೂಲು ಮುಗೀತು. ಇವತ್ತು ನನ್ ಮೊಮ್ಮಗಳ ಹೆಸ್ರು ಬಂದೈತೆ. ಹುಡ್ಗೀನ ಕಳ್ಸಾಕಿಲ್ಲ. ಕುರಿ ಹಿಂದೆ ಹೋಗ್ತದೆ ಬುಡು." ಅಷ್ಟು ಹೇಳಿ ಹೋದ.

ಆವತ್ತು ಎಂದರೆ ಯಾವತ್ತು ಎಂದು ಹೇಳಬೇಕು. ಹೇಳಲೆಂದೇ ಇಷ್ಟು ಸುತ್ತಿಕೊಂಡು ಬಂದೆ. ಕೆಂಚಪ್ಪ ಐದನೇ ಕ್ಲಾಸಿನಲ್ಲಿದ್ದ. ನನಗೆ ಹೊಸ ನೌಕರಿ, ಹೊಸ ಮದುವೆ. ಗಿರಿಜಮ್ಮ ಹೊಸ್ತಿಲಿಗೆ ರಂಗೋಲಿ ಎಳೆಯಲು ಸೀಮೆಸುಣ್ಣ ಸಿಕ್ಕರೆ ಚೆನ್ನ ಎಂದಳು. ಆಫೀಸ್ ರೂಮಿನ ಪೆಟ್ಟಿಗೆಯಿಂದ ನಾನು ಎತ್ತಿಕೊಂಡು ಹೋಗತೊಡಗಿದೆ. ಬಣ್ಣದ್ದೇ ಆರಿಸಿ ತೆಗೆಯುತ್ತಿದ್ದೆ. ಒಂದು ದಿನ ಹೆಡ್‌ಮೇಷ್ಟ್ರು ಪೆಟ್ಟಿಗೆ ತೆರೆದು, "ಯಾರೋ ಇದು?" ಎಂದರು. ನನ್ನ ಬಾಯಿಂದ ಬಂದ ಮಾತು, "ಕುರುಬರ ಕೆಂಚ ಇಲ್ಲೇ ಸುಳಿದಾಡ್ತಿದ್ದ ಸಾರ್." ಸುಳಿದಾಡುತ್ತಿದ್ದದ್ದು ನಿಜ. ಗೋಡೆಯ ಮೇಲಿನ ಭೂಪಟ ನೋಡಲು ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಕೋಲು ತಾ ಎಂದರು. ಹೋದೆ. ಲಕ್ಕಿ ಕಡ್ಡಿ ತರಬಹುದಿತ್ತು, ದಾರಿಯಲ್ಲೇ ಇತ್ತು. ನನ್ನ ಮೇಲೆ ಅನುಮಾನ ಬರದಿರಲೆಂದು ಹುಣಸೆ ಮರದವರೆಗೆ ನಡೆದು ಬಲಿತದ್ದನ್ನೇ ಕಡಿದು ತಂದೆ. ಪ್ರೇಯರ್ ಮುಂದೆ ಹೊಡೆದರು. ಹುಡುಗ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ನಮ್ಮ ಹೊಸ್ತಿಲ ರಂಗೋಲಿ ಮಾತ್ರ ಇನ್ನೂ ಒಂದು ತಿಂಗಳು ಬಣ್ಣಬಣ್ಣವಾಗಿತ್ತು.

ಮೇಡಂ ವಿಷಯ ತಿಳಿದು, "ನಿಮ್ಮಿಂದ ಶಾಲೆ ಬಿಟ್ಟ ಮಗು, ನೀವೇ ಕರ್ಕೊಂಡು ಬನ್ನಿ" ಎಂದರು. ಅವರಿಗೆ ಗೊತ್ತಿದ್ದದ್ದು ಜ್ವರದ ಕಥೆ ಮಾತ್ರ. ಬೆಳಿಗ್ಗೆ ಹಟ್ಟಿಗೆ ಹೋದೆ. ಸಿಂಚನಳ ಜ್ವರ ಎಂದೋ ಬಿಟ್ಟಿತ್ತು. ಸಿದ್ದರಬೆಟ್ಟದ ಕಡೆಗೆ ಮುಖಮಾಡಿ ಕೂತು ಮಣ್ಣಿನಲ್ಲಿ ಏನೋ ಬರೆಯುತ್ತಿದ್ದಳು. ಕೆಂಚಪ್ಪ ತಾಯಿಲ್ಲದ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ. ಸೀಮೆಸುಣ್ಣ ತೆಗೆದವನು ನಾನು ಎಂದೆ. ಅವನು ಮರಿಯ ಬಾಯಿಂದ ಬಾಟಲಿ ತೆಗೆಯಲಿಲ್ಲ.

"ಎಷ್ಟು ತಗಂಡಿದ್ದೆ?"

"ಹತ್ತೋ ಹನ್ನೆರಡೋ ಇರಬೇಕು."

"ನಂಗೆ ಬಿದ್ದಿದ್ದು ಅದಕ್ಕಿಂತ ಜಾಸ್ತಿ." ಬಾಟಲಿಯನ್ನು ಇನ್ನಷ್ಟು ಮೇಲೆತ್ತಿ ಹಿಡಿದ. "ನಮ್ಮವ್ವ ಇದ್ದಾಗ ಹೇಳ್ಬೇಕಿತ್ತು ಕಣಣ್ಣ. ನಾನು ತಗಂಡಿಲ್ಲ ಕಣವ್ವ ಅಂತ ಎಷ್ಟು ಅಂದ್ರೂ ಅವಳು ನಂಬ್ಲಿಲ್ಲ. ಇಸ್ಕೂಲಿನೋರು ಸುಳ್ಳು ಹೇಳ್ತಾರಾ ಅನ್ನೋಳು. ಅಂಗೇ ಹೋಗ್ಬುಟ್ಲು."

ತಪ್ಪಾಯ್ತು ಎಂದೆ. ಅದು ಎಷ್ಟು ಸಣ್ಣ ಮಾತು ಎಂಬುದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

"ಇಲ್ಲಿ ಹೇಳಿದ್ರೆ ಈ ಮರಿಗೆ ಗೊತ್ತಾಯ್ತು, ಅಷ್ಟೇಯ. ಪ್ರೇಯರ್ ಮುಂದೆ ಹೊಡ್ಸಿದ್ದೆ, ಪ್ರೇಯರ್ ಮುಂದೇನೇ ಹೇಳು. ಹೇಳಿದ್ ದಿನ ಹುಡ್ಗೀನ ಕರ್ಕಂಬತ್ತೀನಿ" ಎಂದ.

ಎರಡು ದಿನ ನನಗೆ ಗಂಟಲು ನೋವು. ನಿಜವಾದ ನೋವಲ್ಲವೆಂದು ಗಿರಿಜಮ್ಮನಿಗೆ ಗೊತ್ತಾಗಿ ಅವಳು ಕಷಾಯವನ್ನೂ ಮಾಡಲಿಲ್ಲ. ಜಗಲಿಯಿಂದ ನೋಡಿದರೆ ಒಂದನೇ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ರಾಶಿ ಹಾಗೇ ಬಿದ್ದಿರುತ್ತಿತ್ತು. ಒಬ್ಬ ಪುಟ್ಟ ಎರಡೂ ಎಡಗಾಲಿನವನ್ನೇ ಹಾಕಿಕೊಂಡು ಮನೆಗೆ ಹೋದದ್ದನ್ನು ಕಣ್ಣಾರೆ ಕಂಡೆ. ನಾನು ಇನ್ನೆರಡು ದಿನ ಗಂಟಲು ಹಿಡಿದುಕೊಂಡರೆ ಆ ಹುಡುಗಿ ಕುರಿಯ ಹಿಂದೆಯೇ ಹೋಗುತ್ತಾಳೆ, ಅವಳ ತಾತ ಹೋದ ಹಾಗೆ. ಮೂರನೇ ದಿನ ಕೆಂಚಪ್ಪನಿಗೆ ಹೇಳಿಕಳಿಸಿ, ಪ್ರೇಯರ್‌ಗೆ ಹೋಗಿ ನಿಂತೆ. ಅವನು ಮೊಮ್ಮಗಳ ಕೈ ಹಿಡಿದು ಗೇಟಿನ ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಬಣ್ಣದ್ದನ್ನೇ ಆರಿಸಿದ್ದು, ಲಕ್ಕಿ ಬಿಟ್ಟು ಹುಣಸೆಗೆ ಹೋದದ್ದು, ಎಲ್ಲ. ಮೇಡಂ ತಲೆ ತಗ್ಗಿಸಿದರು. ಮಕ್ಕಳಿಗೆ ಮಾತ್ರ ಅಭ್ಯಾಸವಾಗಿಹೋಗಿತ್ತು. ದೊಡ್ಡವರು ಮಾತು ಮುಗಿಸಿದರೆ ಮೂರು ಚಪ್ಪಾಳೆ. ಹೊಡೆದೇ ಬಿಟ್ಟರು. ನಾನು ಮಾಡಿದ ಕಳ್ಳತನಕ್ಕೆ ಇಷ್ಟು ಗಟ್ಟಿಯಾದ ಚಪ್ಪಾಳೆ ಬಿದ್ದೀತೆಂದು ಎಣಿಸಿರಲಿಲ್ಲ. ಸಿಂಚನ ತಾತನ ಕೈ ಬಿಡಿಸಿಕೊಂಡು ತನ್ನ ಸಾಲಿಗೆ ಓಡಿದಳು.

ಆದರೆ ಪದ್ಧತಿ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಹಲಗೆ ಬರೆಯುವ ಆರನೇ ಕ್ಲಾಸಿನ ಹುಡುಗಿ ದುಂಡಗೆ ಬರೆದಳು, 'ಸಿದ್ದಣ್ಣ ತಾತ ತಾವು ಸೀಮೆಸುಣ್ಣ ಕದ್ದದ್ದನ್ನು ತಾವೇ ಹೇಳಿದರು.' ಅಳಿಸಿಸಿ ಮೇಡಂ ಎಂದೆ. "ನಿಯಮ ಎಲ್ಲರಿಗೂ ಒಂದೇ ಸಿದ್ದಣ್ಣನೋರೆ, ಸಂಜೆವರೆಗೂ" ಎಂದರು. ಶಿರಾ ಬಸ್ಸಿಗೆ ಕಾದವರು ಓದಿದರು, ಮಧುಗಿರಿ ಬಸ್ಸಿಗೆ ಕಾದವರು ಓದಿದರು. ಗಿರಿಜಮ್ಮ ಹಾಲು ತರಲು ಹೋದವಳು ಓದಿಕೊಂಡು ಬಂದು, "ಇಸ್ಕೂಲಿನೋರೇ ಕೊಟ್ಟಿದ್ದು ಅಂದಿದ್ರಲ್ಲ" ಎಂದಳು. ಹಾಲಿನ ಚೊಂಬನ್ನು ಕುಕ್ಕಿಟ್ಟು ಒಳಗೆ ಹೋದಳು.

ಸಂಜೆ ನಾಲ್ಕಕ್ಕೆ ಕೆಂಚಪ್ಪ ಮೊಮ್ಮಗಳನ್ನು ಕರೆದೊಯ್ಯಲು ಬಂದು ಹಲಗೆಯ ಮುಂದೆ ನಿಂತ. ಅಕ್ಷರ ಬಹುಪಾಲು ಮರೆತಿದ್ದಾನೆ. ತನ್ನ ರುಜುವಿನಷ್ಟು ಮಾತ್ರ ಓದಬಲ್ಲ. "ಓದವ್ವ" ಎಂದ. ಸಿಂಚನ ಬೆರಳಿಟ್ಟು ಓದಿದಳು. "ಇನ್ನೊಂದ್ ಸಲ ಓದು." ಮತ್ತೆ ಓದಿದಳು. ಅವನು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿ, ರಸ್ತೆಯಾಚೆ ಕೂತಿದ್ದ ನನ್ನ ಕಡೆ ತಿರುಗಿದ.

"ಸಿದ್ದಣ್ಣ, ಕದ್ದೋನ ಹೆಸ್ರು ಐತೆ. ಕದೀದೇ ಇದ್ದೋನ ಹೆಸ್ರು ಎಲ್ಲೈತೆ?"

ಎದ್ದು ಹೋದೆ. ಮೇಡಂ ಕೊಟ್ಟ ಸೀಮೆಸುಣ್ಣದಿಂದ ಕೆಳಗೆ ಬರೆದೆ, 'ಕೆಂಚಪ್ಪ ಕದ್ದಿರಲಿಲ್ಲ.' ಸಾಲು ಓರೆಯಾಯಿತು. ಅವನು ತನ್ನ ಹೆಸರಿನ ಹತ್ತಿರ ಬೆರಳು ತಂದು, ಮುಟ್ಟದೆ, "ಹೂಂ" ಎಂದ. ಅಷ್ಟೇ. ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ, ಕೇಳುವ ಯೋಗ್ಯತೆಯೂ ನನಗಿಲ್ಲ. ಅಷ್ಟರಲ್ಲಿ ಸಿಂಚನ ನನ್ನ ಪಂಚೆ ಜಗ್ಗಿ, "ನಾನೂ ಕದ್ದಿಲ್ಲ ತಾತ, ನಂದೂ ಬರಿ" ಎಂದಳು. ನ್ಯಾಯದ ಮಾತು. ಬರೆದೆ. ಮನೆಗೆ ಹೊರಟಿದ್ದ ಮಕ್ಕಳೆಲ್ಲ ಹಿಂದಕ್ಕೆ ಓಡಿಬಂದರು. ನಾನೂ ಕದ್ದಿಲ್ಲ, ನಾನೂ ಕದ್ದಿಲ್ಲ. ಗಂಗಮ್ಮನೂ ಸೌಟು ಹಿಡಿದು ಬಂದಳು, ತನ್ನ ಹೆಸರೂ ಇರಲಿ ಎಂದು. ಹಲಗೆಯ ಅಂಚಿನವರೆಗೆ ಸಂದುಗೊಂದಿಯಲ್ಲೆಲ್ಲ ಹೆಸರು ತುಂಬಿಸಿದೆ. ಸೊಂಟ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಇಡೀ ಶಾಲೆ ಒಳ್ಳೆಯವರ ಪಟ್ಟಿಯಲ್ಲಿತ್ತು. ಆ ಪಟ್ಟಿಗೆ ಸೇರಲಾರದ ಮನುಷ್ಯ ಅಲ್ಲಿ ಒಬ್ಬನೇ. ಅವನ ಹೆಸರು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದುಂಡಗೆ, ಬಸ್ಸಿನ ಕಿಟಕಿಯಿಂದಲೂ ಓದಲು ಬರುವ ಹಾಗೆ ಇತ್ತು.